ಪಂಚಮ ಕಾಲದ ನೆಪ, ಶ್ರಾವಕನ ವ್ರತ



ಮಂದಿರದ ವಾರ್ಷಿಕ ಮಹೋತ್ಸವದ ಈ ಸಂಚಿಕೆಯ ಕನ್ನಡ ವಿಭಾಗಕ್ಕೆ ನಾಲ್ಕು ಮಾತು ಬರೆಯಬೇಕೆಂದು ಟ್ರಸ್ಟಿನ ಹಿರಿಯರು ಅಪ್ಪಣೆ ಮಾಡಿದರು. ನಾನು ಪಂಡಿತನಲ್ಲ, ಮೆಟ್ರಿಕ್ ಮುಗಿಸಿ ಅಂಗಡಿಯ ಗಲ್ಲೆಯ ಮುಂದೆ ಕುಳಿತವನು. ಮುನಿಮಹಾರಾಜರ ಪ್ರವಚನಗಳಲ್ಲಿ ಕೇಳಿ, ಸ್ವಾಧ್ಯಾಯದಲ್ಲಿ ಅಷ್ಟಿಷ್ಟು ಓದಿ ತಿಳಿದವನು. ಆದುದರಿಂದ ಇಲ್ಲಿ ದೋಷ ಕಂಡುಬಂದಲ್ಲಿ ಅದು ನನ್ನದು, ಗುಣ ಕಂಡುಬಂದಲ್ಲಿ ಅದು ಗುರುಗಳದು ಎಂದು ಭಾವಿಸಬೇಕಾಗಿ ವಿನಂತಿ.

ಬಹುದಿನಗಳಿಂದ ನನ್ನನ್ನು ಕಾಡುತ್ತಿರುವ ಒಂದು ಪ್ರಶ್ನೆಯನ್ನೇ ತಮ್ಮ ಮುಂದಿಡುತ್ತೇನೆ. ಭೂಮಿ, ನೀರು, ಗಾಳಿ, ಕಾಡು ನಮ್ಮ ಕಣ್ಣೆದುರಿಗೇ ಕೆಡುತ್ತಿವೆ. ಇವು ಸುಧಾರಿಸುವವೆಂದು ನಂಬಬೇಕೆ? ಅಥವಾ ಮನುಷ್ಯನ ಲೋಭಕ್ಕೆ ಕೊನೆಯಿಲ್ಲವೆಂದು ಕೈಚೆಲ್ಲಿ ಕೂರಬೇಕೆ? ಈ ಪ್ರಶ್ನೆ ನನಗೆ ಗ್ರಂಥದಿಂದ ಬಂದುದಲ್ಲ. ನನ್ನ ಅಂಗಡಿಯ ಖಾತೆ ಪುಸ್ತಕದಿಂದ ಬಂದುದು.

ಬೆಳಗಾವಿ ಜಿಲ್ಲೆಯ ಹಳ್ಳಿಯಿಂದ ನಾನು ಗೋವೆಗೆ ಬಂದದ್ದು 1983ರಲ್ಲಿ. ಡಿಚೋಲಿಯಲ್ಲಿ ಲಾರಿಗಳ ಟೈರು, ಟ್ಯೂಬು, ಬಿಡಿಭಾಗಗಳ ಸಣ್ಣ ಅಂಗಡಿ ಇಟ್ಟೆ. ಈ ಸೀಮೆಯಲ್ಲಿ ಲಾರಿ ಎಂದರೆ ಕಬ್ಬಿಣದ ಅದಿರಿನ ಲಾರಿ. ಗಣಿಯಿಂದ ಹೊಳೆಯ ಧಕ್ಕೆಗೆ ಲಾರಿ, ಧಕ್ಕೆಯಿಂದ ಮಾಂಡವಿ-ಜುವಾರಿ ನದಿಗಳಲ್ಲಿ ಬಾರ್ಜು, ಮುರಗಾಂವ್ ಬಂದರಿನಿಂದ ಹಡಗು, ಹೀಗೆ ನಮ್ಮ ಗುಡ್ಡಗಳು ಮೊದಲು ಜಪಾನಿಗೂ ಆಮೇಲೆ ಚೀನಾಕ್ಕೂ ಹೋದವು. 2005ರಿಂದ ಈಚೆಗೆ ಚೀನಾದ ಬೇಡಿಕೆ ಏರಿದಂತೆ ಲಾರಿಗಳು ಇರುವೆಯ ಸಾಲಾದವು. 2010-11ರ ಹೊತ್ತಿಗೆ ಗೋವೆಯಿಂದ ರಫ್ತಾದ ಅದಿರು ವರ್ಷಕ್ಕೆ 5 ಕೋಟಿ ಟನ್ನಿನ ಆಸುಪಾಸು. ಒಂದು ಟನ್ ಅದಿರಿಗಾಗಿ ಎರಡೂವರೆ-ಮೂರು ಟನ್ ಮಣ್ಣು-ಕಲ್ಲು ಅಗೆದು ಪಕ್ಕಕ್ಕೆ ಸುರಿಯಬೇಕು. ಮಳೆಗಾಲದಲ್ಲಿ ಆ ರಾಶಿಗಳ ಮಣ್ಣು ಗದ್ದೆಗೂ ಹೊಳೆಗೂ ಇಳಿಯುತ್ತಿತ್ತು. ಗಣಿಯ ಗುಂಡಿ ಅಂತರ್ಜಲದ ಮಟ್ಟಕ್ಕಿಂತ ಕೆಳಗಿಳಿದಾಗ ಒಳಗೆ ಸೇರುವ ನೀರನ್ನು ಹಗಲಿರುಳು ಪಂಪಿನಿಂದ ಎತ್ತಿ ಹೊರಹಾಕಬೇಕು. ಹಾಗೆ ಎತ್ತಿದಂತೆ ಸುತ್ತಲಿನ ಊರುಗಳ ಬಾವಿಗಳು ಬತ್ತುತ್ತವೆ. ನಮ್ಮ ಡಿಚೋಲಿಯ ನೆರೆಯ ಶಿರಗಾಂವ್‌ನಲ್ಲಿ ಹಾಗೆಯೇ ಆಯಿತು.

ಆ ವರ್ಷಗಳಲ್ಲಿ ನನ್ನ ಅಂಗಡಿ ಬೆಳೆಯಿತು. ಕಂತಿನ ಮೇಲೆ ನಾಲ್ಕು ಟಿಪ್ಪರುಗಳನ್ನೂ ಕೊಂಡೆ. ಮನೆ ಕಟ್ಟಿದೆ, ಮಕ್ಕಳನ್ನು ಓದಿಸಿದೆ, ಮಂದಿರಕ್ಕೂ ಕೊಟ್ಟೆ. ಆ ದಾನದ ಅಮೃತಶಿಲೆಯ ಫಲಕ ಇಂದಿಗೂ ಗೋಡೆಯಲ್ಲಿದೆ.

ಅದೇ ಕಾಲದಲ್ಲಿ ಒಂದು ಗಣಿಯ ವಿಸ್ತರಣೆಗಾಗಿ ಸಾರ್ವಜನಿಕ ವಿಚಾರಣೆ ನಡೆಯಿತು. ನಾವು ಲಾರಿ ಮಾಲೀಕರು ಒಂದು ಕಡೆ ಕುಳಿತಿದ್ದೆವು. ಹಳ್ಳಿಯ ವೃದ್ಧೆಯೊಬ್ಬರು ತಮ್ಮ ಬಾವಿಯ ಕೆಂಪು ನೀರನ್ನು ಸೀಸೆಯಲ್ಲಿ ತುಂಬಿ ತಂದು ಅಧಿಕಾರಿಗಳ ಮೇಜಿನ ಮೇಲಿಟ್ಟರು. ಮಾತು ಮುಗಿಸುವ ಮೊದಲೇ ನಮ್ಮ ಕಡೆಯವರು ಗದ್ದಲವೆಬ್ಬಿಸಿ ಅವರನ್ನು ಕೂರಿಸಿದರು. ನಾನು ಗದ್ದಲ ಮಾಡಲಿಲ್ಲ. ಸುಮ್ಮನೆ ಕುಳಿತಿದ್ದೆ. ಹಿಂಸೆಯನ್ನು ತಾನೇ ಮಾಡುವುದು, ಮಾಡಿಸುವುದು, ಮಾಡುವವರನ್ನು ಅನುಮೋದಿಸುವುದು, ಅಂದರೆ ಕೃತ-ಕಾರಿತ-ಅನುಮೋದನ, ಈ ಮೂರರಿಂದಲೂ ಬಂಧವುಂಟೆಂದು ಪ್ರತಿ ವರ್ಷ ಪ್ರತಿಕ್ರಮಣದಲ್ಲಿ ಹೇಳುವ ನಾನು, ಆ ದಿನದ ನನ್ನ ಮೌನವನ್ನು ಯಾವ ಖಾತೆಗೆ ಬರೆಯಬೇಕೆಂದು ಬಹಳ ವರ್ಷ ಕೇಳಿಕೊಳ್ಳಲಿಲ್ಲ.

2012ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ಎಂ. ಬಿ. ಶಾ ಆಯೋಗದ ವರದಿ ಹೊರಬಂದಿತು. ಆ ತಿಂಗಳೇ ಗೋವಾ ಸರಕಾರ ಗಣಿಗಾರಿಕೆಯನ್ನು ನಿಲ್ಲಿಸಿತು. ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ ತಡೆ ನೀಡಿತು. 2014ರ ಏಪ್ರಿಲಿನ ತೀರ್ಪಿನಲ್ಲಿ ನ್ಯಾಯಾಲಯವು ಗೋವೆಯ ಗಣಿ ಗುತ್ತಿಗೆಗಳ ಅವಧಿ 2007ರಲ್ಲಿಯೇ ಮುಗಿದಿತ್ತೆಂದು ಹೇಳಿ, ಅಗೆತಕ್ಕೆ ವರ್ಷಕ್ಕೆ 2 ಕೋಟಿ ಟನ್ನಿನ ಮಿತಿ ಹಾಕಿತು. 2018ರ ಫೆಬ್ರವರಿಯಲ್ಲಿ 88 ಗುತ್ತಿಗೆಗಳ ನವೀಕರಣವನ್ನು ರದ್ದುಗೊಳಿಸಿತು. ನಿಂತುಹೋದ ಲಾರಿಗಳು ರಸ್ತೆಬದಿಯಲ್ಲಿ ತುಕ್ಕು ಹಿಡಿದವು. ಉದ್ರಿ ವಸೂಲಾಗಲಿಲ್ಲ. ಸಾಲದ ಕಂತು ಕಟ್ಟಲಾರದ ಚಾಲಕರು ನನ್ನ ಅಂಗಡಿಯ ಮುಂದೆ ನಿಂತು ಅತ್ತದ್ದನ್ನು ಕಂಡಿದ್ದೇನೆ. ಗಣಿ ನಿಂತಿತೆಂದು ಹಿಗ್ಗಿದವರು ಆ ಕಣ್ಣೀರನ್ನೂ ನೆನೆಯಬೇಕು. ನಾನು ಎರಡು ಟಿಪ್ಪರುಗಳನ್ನು ಅರ್ಧ ಬೆಲೆಗೆ, ಉಳಿದೆರಡನ್ನು ಗುಜರಿಯ ಬೆಲೆಗೆ ಮಾರಿದೆ.

ಆಮೇಲೆ 2024ರಲ್ಲಿ, ಹರಾಜಾದ ಗಣಿಪ್ರದೇಶಗಳಲ್ಲಿ ಮೊದಲನೆಯದಾಗಿ ನಮ್ಮ ಡಿಚೋಲಿಯಲ್ಲಿಯೇ ಅಗೆತ ಮತ್ತೆ ಆರಂಭವಾಯಿತು. ಲಾರಿಗಳ ಗುತ್ತಿಗೆ ಹಿಡಿದವರೊಬ್ಬರು ಬಂದು, ವರ್ಷವಿಡೀ ಟೈರು ಸರಬರಾಜು ಮಾಡುವ ಒಪ್ಪಂದವನ್ನು ಮುಂದಿಟ್ಟರು. ನಾನು ಹಿಂದುಮುಂದು ನೋಡುವುದನ್ನು ಕಂಡು ಮಗ ಹೇಳಿದ: “ಅಪ್ಪಾ, ನಾವು ಕೊಡದಿದ್ದರೆ ಇನ್ನೊಬ್ಬರು ಕೊಡುತ್ತಾರೆ. ಗಣಿ ನಮ್ಮ ಟೈರಿಗಾಗಿ ಕಾದು ನಿಂತಿದೆಯೇ? ಇದು ಪಂಚಮ ಕಾಲ ಎಂದು ನೀವೇ ಹೇಳುತ್ತೀರಲ್ಲ.”

ಬಂಧುಗಳೇ, ಮಗನ ಮಾತಿಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ. ಕಾರಣ, ಅದು ನನ್ನದೇ ಮಾತಾಗಿತ್ತು. ಇದು ಅವಸರ್ಪಿಣಿ; ಅದರಲ್ಲಿಯೂ ದುಃಷಮಾ ಎಂಬ ಐದನೆಯ ಕಾಲ. ಆಯುಷ್ಯ, ಬಲ, ಬುದ್ಧಿ, ಧರ್ಮ, ಭೂಮಿಯ ಸಾರ ಎಲ್ಲವೂ ಇಳಿಯುತ್ತ ಹೋಗುವ ಕಾಲ. ಇದರ ಮುಂದಿನ ಆರನೆಯ ಕಾಲ ಇನ್ನೂ ಘೋರ. ಹಾಗಿರುವಾಗ ಕಾಡು ಉಳಿಯುವುದೆಲ್ಲಿ, ಹೊಳೆ ತಿಳಿಯಾಗುವುದೆಲ್ಲಿ? ಲೋಕದ ಸುದ್ದಿಯೂ ಇದನ್ನೇ ಹೇಳುವಂತಿದೆ. ಭೂಮಿಯ ಶಾಖವನ್ನು ಕೈಗಾರಿಕೆಗಳ ಪೂರ್ವದ ಮಟ್ಟಕ್ಕಿಂತ 1.5 ಡಿಗ್ರಿಯ ಒಳಗೆ ತಡೆಯಲು ಪ್ರಯತ್ನಿಸುವುದಾಗಿ 2015ರಲ್ಲಿ ಪ್ಯಾರಿಸ್ಸಿನಲ್ಲಿ ರಾಷ್ಟ್ರಗಳು ಮಾತು ಕೊಟ್ಟವು; 2024ನೆಯ ವರ್ಷದ ಸರಾಸರಿಯೇ ಆ ಗೆರೆಯನ್ನು ದಾಟಿತು. ಒಂದು ವರ್ಷ ದಾಟಿದ ಮಾತ್ರಕ್ಕೆ ಒಪ್ಪಂದ ಮುರಿಯಿತೆಂದಲ್ಲ. ಆದರೆ ದಾರಿ ಯಾವ ಕಡೆಗಿದೆ ಎಂಬುದು ತಿಳಿಯುತ್ತದೆ. ನಮ್ಮ ಗೋವೆಯಲ್ಲಿ 2023ರ ಮಾರ್ಚಿನಲ್ಲಿ ಮಹದಾಯಿ ಅಭಯಾರಣ್ಯದ ಕಾಡು ದಿನಗಟ್ಟಲೆ ಉರಿಯಿತು. ವಯನಾಡಿನಲ್ಲಿ 2024ರ ಜುಲೈ 30ರಂದು ಗುಡ್ಡ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಮಣ್ಣುಪಾಲಾದರು. ಇಷ್ಟನ್ನು ಕಂಡ ಮೇಲೆ “ಕಾಲವೇ ಹೀಗೆ” ಎನ್ನುವುದು ಜಾಣತನವೆಂದೇ ತೋರುತ್ತದೆ.

ಈ ಗೊಂದಲದಲ್ಲಿದ್ದಾಗ ನಮ್ಮ ಮಂದಿರದ ಗುಜರಾತಿ ಬಂಧುವೊಬ್ಬರು ಉಪಾಸಕದಶಾಂಗ ಸೂತ್ರದಲ್ಲಿ ಬರುವ ಸದ್ದಾಲಪುತ್ರನ ಕಥೆಯನ್ನು ಹೇಳಿದರು. ದಿಗಂಬರ ಪರಂಪರೆಯಲ್ಲಿ ಬೆಳೆದ ನಾನು ಅದನ್ನು ಕೇಳಿರಲಿಲ್ಲ. ಪೋಲಾಸಪುರದ ಸದ್ದಾಲಪುತ್ರನು ಕುಂಬಾರ. ಊರ ಹೊರಗೆ 500 ಕುಂಬಾರಿಕೆಯ ಅಂಗಡಿಗಳಿದ್ದ ದೊಡ್ಡ ವ್ಯಾಪಾರಿ. ಎಲ್ಲವೂ ನಿಯತಿ, ಪುರುಷಪ್ರಯತ್ನವೆಂಬುದೇ ಇಲ್ಲವೆಂದು ಬೋಧಿಸುತ್ತಿದ್ದ ಗೋಶಾಲಕನ ಅನುಯಾಯಿ. ಒಮ್ಮೆ ಭಗವಾನ್ ಮಹಾವೀರರು ಅವನ ಬಳಿಗೆ ಬಂದಾಗ ಗಡಿಗೆಗಳು ಬಿಸಿಲಿನಲ್ಲಿ ಒಣಗುತ್ತಿದ್ದವು. ಇವು ಪ್ರಯತ್ನದಿಂದ ಆದವೋ, ಪ್ರಯತ್ನವಿಲ್ಲದೆ ಆದವೋ ಎಂದು ಭಗವಂತರು ಕೇಳಿದರು. ಪ್ರಯತ್ನವಿಲ್ಲದೆ, ಆಗಬೇಕಾದ್ದರಿಂದ ಆದವು ಎಂದು ಅವನು ತನ್ನ ಮತದಂತೆ ಉತ್ತರಿಸಿದನು. ಹಾಗಾದರೆ ಯಾರಾದರೂ ಬಂದು ಈ ಗಡಿಗೆಗಳನ್ನು ಕದ್ದರೆ, ಒಡೆದರೆ, ನಿನ್ನ ಪತ್ನಿಯ ಮೇಲೆ ಕೈಮಾಡಿದರೆ ಏನು ಮಾಡುವೆ ಎಂದು ಮತ್ತೆ ಕೇಳಿದರು. ಅವನು ಸಿಟ್ಟಿನಿಂದ, ಹಿಡಿದು ಕಟ್ಟುತ್ತೇನೆ, ಹೊಡೆಯುತ್ತೇನೆ ಎಂದನು. ಎಲ್ಲವೂ ನಿಯತಿಯಾದರೆ ಒಡೆದವನ ತಪ್ಪೇನು, ನಿನ್ನ ಸಿಟ್ಟಿಗೆ ಆಧಾರವೇನು ಎಂದು ಭಗವಂತರು ಕೇಳಿದಾಗ ಆ ವ್ಯಾಪಾರಿಗೆ ಅರಿವುಂಟಾಯಿತು. ಅವನು ಶ್ರಾವಕನಾದನು.

ಈ ಕಥೆ ನನ್ನ ಎದೆಗೆ ನೇರವಾಗಿ ತಾಗಿತು. ನನ್ನ ಬಾಕಿ ಕೊಡದೆ ತಪ್ಪಿಸಿಕೊಂಡ ಗಿರಾಕಿಯನ್ನು ನಾನು ಎಂದಾದರೂ “ಪಂಚಮ ಕಾಲ, ಇವನೇನು ಮಾಡಿಯಾನು” ಎಂದು ಬಿಟ್ಟಿದ್ದೇನೆಯೇ? ಇಲ್ಲ, ಮೂರು ಸಲ ನೋಟೀಸು ಕಳುಹಿಸಿದ್ದೇನೆ. ನನ್ನ ಗಡಿಗೆ ಒಡೆದಾಗ ಪುರುಷಾರ್ಥ, ಊರಿನ ಬಾವಿ ಬತ್ತಿದಾಗ ನಿಯತಿ! ನಮ್ಮ ನಿರಾಶೆ ಬಹುಮಟ್ಟಿಗೆ ಇಂಥದೇ. ಅದು ಕಾಲದ ಬಗ್ಗೆ ನಾವು ಪಡೆದ ಜ್ಞಾನವೆಂದು ತೋರುತ್ತದೆ. ಒಳಗೆ ನೋಡಿದರೆ ಅದರಲ್ಲಿ ನಮ್ಮ ಲಾಭವೂ ಅಡಗಿ ಕುಳಿತಿರುತ್ತದೆ.

ಪಂಚಮ ಕಾಲದ ಲೆಕ್ಕವನ್ನೇ ನೋಡೋಣ. ವ್ಯಾಪಾರಿಯಾದ ನನಗೆ ಲೆಕ್ಕ ಬರುತ್ತದೆ. ಭಗವಂತರ ನಿರ್ವಾಣದ 3 ವರ್ಷ 8½ ತಿಂಗಳ ನಂತರ ಆರಂಭವಾದ ಈ ಕಾಲದ ಅವಧಿ 21,000 ವರ್ಷ. ಕಳೆದಿರುವುದು ಎರಡೂವರೆ ಸಾವಿರಕ್ಕಿಂತ ತುಸು ಹೆಚ್ಚು. ಉಳಿದದ್ದು 18,000 ವರ್ಷಗಳಿಗಿಂತಲೂ ಅಧಿಕ. ಅಷ್ಟು ಕಾಲ ಇಲ್ಲಿ ಮನುಷ್ಯರಿರುತ್ತಾರೆ, ಜಿನಧರ್ಮವಿರುತ್ತದೆ, ನೀರು ಸೋಸಿ ಕುಡಿಯುವ ಶ್ರಾವಕರಿರುತ್ತಾರೆ ಎಂದು ಶಾಸ್ತ್ರವೇ ಹೇಳುತ್ತದೆ. ಸೋಸಲು ಅವರಿಗೆ ನೀರು ಬೇಡವೇ? ಹದಿನೆಂಟು ಸಾವಿರ ವರ್ಷ ಬರಬೇಕಾದ ದಾಸ್ತಾನನ್ನು ಒಂದೇ ತಲೆಮಾರು ಖಾಲಿ ಮಾಡಿ, ಕಾಲ ಕೆಟ್ಟಿತೆಂದು ಷರಾ ಬರೆದರೆ ಯಾವ ಲೆಕ್ಕಪರಿಶೋಧಕ ಒಪ್ಪುತ್ತಾನೆ?

ಇನ್ನೊಂದು ಮಾತು. ಪಂಚಮ ಕಾಲದ ಕೊನೆಗಾಲದವರೆಗೂ ಒಬ್ಬ ಸಾಧು, ಒಬ್ಬ ಸಾಧ್ವಿ, ಒಬ್ಬ ಶ್ರಾವಕ, ಒಬ್ಬ ಶ್ರಾವಿಕೆ ಉಳಿದಿರುತ್ತಾರೆ ಎಂದು ನಮ್ಮ ಎರಡೂ ಪರಂಪರೆಗಳು ಹೇಳುತ್ತವೆ. ಅವರ ಹೆಸರುಗಳಲ್ಲಿ ಭೇದವಿದೆ, ಮಾತಿನಲ್ಲಿ ಭೇದವಿಲ್ಲ. ಆ ಕೊನೆಯ ಶ್ರಾವಕನನ್ನು ನಾನು ಆಗಾಗ ನೆನೆಯುತ್ತೇನೆ. ಅವನ ಮುಂದೆ ಯಾವ ಭರವಸೆ ಇದೆ? ಮುಂದೆ ಆರನೆಯ ಕಾಲ. ಅವನ ವ್ರತದಿಂದ ಕಾಲಚಕ್ರ ಒಂದು ಹಲ್ಲಿನಷ್ಟೂ ಹಿಂದೆ ಸರಿಯುವುದಿಲ್ಲ. ಆದರೂ ಅವನು ಆ ದಿನ ಅಣುವ್ರತವನ್ನು ಪಾಲಿಸುತ್ತಿರುತ್ತಾನೆ. “ನಾನೊಬ್ಬ ಬಿಟ್ಟರೆ ಏನಾದೀತು” ಎಂಬ ನಮ್ಮ ಪ್ರಶ್ನೆಗೆ ಶಾಸ್ತ್ರಕಾರರು ಅವನನ್ನೇ ಉತ್ತರವಾಗಿ ನಿಲ್ಲಿಸಿದ್ದಾರೆ ಎಂದು ನನಗನಿಸುತ್ತದೆ. ವ್ರತಿಯಾದವನು ನಿಃಶಲ್ಯನಾಗಿರಬೇಕು, ಮಾಯಾ, ಮಿಥ್ಯಾತ್ವ, ನಿದಾನ ಎಂಬ ಮೂರು ಮುಳ್ಳುಗಳು ಅವನಲ್ಲಿರಬಾರದು. ಫಲವನ್ನು ಮೊದಲೇ ಕರಾರು ಮಾಡಿಕೊಂಡು ವ್ರತ ಹಿಡಿಯುವುದೇ ನಿದಾನ. ಜಗತ್ತು ಉಳಿಯುವ ಖಾತ್ರಿ ಕೊಟ್ಟರೆ ಮಾತ್ರ ನಾನು ನನ್ನ ಲೋಭವನ್ನು ಬಿಡುತ್ತೇನೆ ಎನ್ನುವವನ ಕಾಲಿನಲ್ಲಿ ಇದೇ ಮುಳ್ಳು ಚುಚ್ಚಿಕೊಂಡಿದೆ.

ಆದರೆ ಇದರಿಂದ ಇನ್ನೊಂದು ತಪ್ಪು ತಿಳಿವಳಿಕೆ ಆಗಬಾರದು. ಫಲದ ಕರಾರು ಬೇಡವೆಂದರೆ ಫಲವೇ ಇಲ್ಲವೆಂದಲ್ಲ. ಎಲ್ಲವೂ ಕೆಡುವುದೇ ಸರಿ ಎಂಬುದು ಏಕಾಂತ. ವಿಜ್ಞಾನ ಹೇಗೂ ಸರಿಪಡಿಸುತ್ತದೆ ಎಂದು ಹಾಯಾಗಿ ಮಲಗುವುದೂ ಏಕಾಂತ. ಅನೇಕಾಂತವನ್ನು ನಂಬಿದವರು ಕಣ್ಣು ತೆರೆದು ಎರಡನ್ನೂ ನೋಡಬೇಕು. ಆಕಾಶದ ಓಜೋನ್ ಪದರವನ್ನು ಫ್ರಿಜ್ಜು, ಎ.ಸಿ. ಮುಂತಾದವುಗಳಲ್ಲಿ ಬಳಸುತ್ತಿದ್ದ ಅನಿಲಗಳು ಕೊರೆಯುತ್ತಿವೆಯೆಂದು ತಿಳಿದಾಗ, 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್‌ನಲ್ಲಿ ರಾಷ್ಟ್ರಗಳು ಒಪ್ಪಂದ ಮಾಡಿಕೊಂಡವು. ಕ್ರಮೇಣ ಜಗತ್ತಿನ ಎಲ್ಲ ದೇಶಗಳೂ ಅದಕ್ಕೆ ಸೇರಿದವು. ಹೀಗೆಯೇ ನಡೆದರೆ ದಕ್ಷಿಣ ಧ್ರುವದ ಮೇಲೆ 2066ರ ಸುಮಾರಿಗೆ, ಜಗತ್ತಿನ ಬಹುಭಾಗದಲ್ಲಿ 2040ರ ಸುಮಾರಿಗೆ ಆ ಪದರ 1980ರ ಸ್ಥಿತಿಗೆ ಮರಳುವುದೆಂದು 2023ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಲೋಭವಿರುವ ಇದೇ ಮನುಷ್ಯರು, ಇದೇ ಪಂಚಮ ಕಾಲದಲ್ಲಿ, ಒಂದು ವಸ್ತುವನ್ನು ಬಿಡುತ್ತೇವೆಂದು ಹೇಳಿ ಬಿಟ್ಟದ್ದರ ಫಲ ಅದು.

ಅಷ್ಟು ದೂರವೇಕೆ? ನಮ್ಮ ಪೆಡ್ಣೆ ತಾಲೂಕಿನ ಮೋರ್ಜಿ ಕಡಲತೀರಕ್ಕೆ ಆಲಿವ್ ರಿಡ್ಲೆ ಎಂಬ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಹಿಂದೆ ಆ ಮೊಟ್ಟೆಗಳನ್ನು ಜನ ಆಯ್ದು ತಿನ್ನುತ್ತಿದ್ದರು, ಮಾರುತ್ತಿದ್ದರು. 1990ರ ದಶಕದ ಕೊನೆಯಿಂದ ಅರಣ್ಯ ಇಲಾಖೆಯೊಡನೆ ಊರಿನವರೇ ರಾತ್ರಿಯೆಲ್ಲ ಗೂಡುಗಳಿಗೆ ಕಾವಲು ನಿಂತರು. ಮೊಟ್ಟೆ ಆಯುತ್ತಿದ್ದ ಊರು ಮೊಟ್ಟೆ ಕಾಯುವ ಊರಾಯಿತು. ಇತ್ತೀಚಿನ ವರ್ಷಗಳಲ್ಲಿ ಗೋವೆಯ ತೀರದಲ್ಲಿ ಗೂಡುಗಳ ಸಂಖ್ಯೆ ಏರಿದೆ. ಅವರು ಜೈನರಲ್ಲ, ಆದರೆ ಪಂಚೇಂದ್ರಿಯ ಜೀವದ ಮರಿಗೆ ಅಭಯದಾನ ಕೊಟ್ಟವರು. ನಾವು ಅವರಿಂದ ಕಲಿಯುವುದು ಬಹಳವಿದೆ.

ಮತ್ತೆ ನನ್ನ ಅಂಗಡಿಗೆ ಬರುತ್ತೇನೆ. ಶ್ರಾವಕನು ಬಿಡಬೇಕಾದ ಹದಿನೈದು ಕರ್ಮಾದಾನಗಳಲ್ಲಿ ಭೂಮಿಯನ್ನು ಅಗೆದು ಒಡೆಯುವ ಸ್ಫೋಟಕರ್ಮವೂ ಇದೆ, ಕೆರೆ-ಸರೋವರಗಳನ್ನು ಬತ್ತಿಸುವ ಶೋಷಣಕರ್ಮವೂ ಇದೆ, ಕಾಡಿಗೆ ಬೆಂಕಿಯಿಡುವುದೂ ಇದೆ. ಸಾವಿರಾರು ವರ್ಷ ಹಿಂದೆಯೇ ನಮ್ಮ ಪೂರ್ವಜರು ವ್ಯಾಪಾರಿಗಳಿಗಾಗಿ ಬರೆದ ಪಟ್ಟಿ ಇದು. ಅದೇ ಉಪಾಸಕದಶಾಂಗದ ಆನಂದ ಶ್ರಾವಕನು ದೂರದ ವ್ಯಾಪಾರಕ್ಕೆ 500 ಬಂಡಿ, ಊರಿನ ಸಾಗಣೆಗೆ 500 ಬಂಡಿ, ಅದಕ್ಕಿಂತ ಹೆಚ್ಚು ಬೇಡವೆಂದು ಮಿತಿ ಹಾಕಿಕೊಂಡನು. ಅವನದು ದೊಡ್ಡ ಸಂಸಾರ, ದೊಡ್ಡ ಮಿತಿ. ನನಗೆ ನಾಲ್ಕು ಟಿಪ್ಪರಿದ್ದಾಗ ಮಿತಿಯೇ ಇರಲಿಲ್ಲ. ಐದನೆಯದಕ್ಕೆ ಅರ್ಜಿ ಹಾಕಿದ್ದೆ.

ಸರಬರಾಜಿನ ಆ ಒಪ್ಪಂದವನ್ನು ನಾನು ಒಪ್ಪಿಕೊಳ್ಳಲಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ಮುಂದಿನದನ್ನೂ ಹೇಳಿಬಿಡುತ್ತೇನೆ. ಗಣಿ ಅದರಿಂದ ಒಂದು ಗಳಿಗೆಯೂ ನಿಲ್ಲಲಿಲ್ಲ. ಟೈರುಗಳನ್ನು ಬೇರೊಬ್ಬರು ಕೊಟ್ಟರು. ಮಗ ಹೇಳಿದ್ದು ಅಕ್ಷರಶಃ ನಿಜವಾಯಿತು, ಅವನ ಅಸಮಾಧಾನ ಇನ್ನೂ ಪೂರ್ತಿ ಹೋಗಿಲ್ಲ. ಅಂಗಡಿಗೆ ಬಂದ ಅದಿರು ಲಾರಿಯ ಚಾಲಕನಿಗೆ ಟೈರು ಇಲ್ಲವೆಂದು ನಾನು ಇಂದಿಗೂ ಹೇಳುವುದಿಲ್ಲ. ಅವನ ಮನೆಯ ಒಲೆ ಉರಿಯಬೇಕಲ್ಲವೇ? ಗೃಹಸ್ಥನಿಗೆ ಉದ್ಯೋಗಿ ಹಿಂಸೆ ಪೂರ್ತಿ ತಪ್ಪದು. ಅದಕ್ಕಾಗಿಯೇ ನಮ್ಮದು ಅಣುವ್ರತ. ಆದರೆ ಗೆರೆ ಎಳೆಯದವನಿಗೆ ಅಣುವೂ ಇಲ್ಲ. ನಾನು ಬಹಳ ತಡವಾಗಿ, ಚಿಕ್ಕದೊಂದು ಗೆರೆ ಎಳೆದಿದ್ದೇನೆ.

ನನ್ನ ಆತ್ಮ ಶುದ್ಧವಾದರೆ ಸಾಕೆಂದು ಅಲ್ಲಿಗೇ ನಿಲ್ಲುವಂತೆಯೂ ಇಲ್ಲ. ಸೀಸೆಯಲ್ಲಿ ಕೆಂಪು ನೀರು ತಂದ ಆ ತಾಯಿ ಈಗಿಲ್ಲ. ಅವರಿಗೆ ಕ್ಷಮಾಪಣೆ ಹೇಳುವ ಅವಕಾಶ ನನಗೆ ದೊರೆಯಲಿಲ್ಲ. ಆದುದರಿಂದ ಇನ್ನು ಮುಂದೆ ನಮ್ಮ ತಾಲೂಕಿನಲ್ಲಿ ನೀರಿಗೆ, ಕಾಡಿಗೆ ಸಂಬಂಧಿಸಿದ ವಿಚಾರಣೆ ನಡೆದಾಗ ಹೋಗಿ, ನಾನು ಕಣ್ಣಾರೆ ಕಂಡದ್ದನ್ನು ಕಂಡಷ್ಟೇ ಹೇಳುವುದೆಂದು ನಿಶ್ಚಯಿಸಿದ್ದೇನೆ. ಸತ್ಯಾಣುವ್ರತ ತಕ್ಕಡಿಗೆ ಮಾತ್ರ ಸೀಮಿತವೇ? ವ್ಯಾಪಾರಿಗಳಾದ ನಾವು ಗುಜರಾತಿ, ಮಾರವಾಡಿ, ಮರಾಠಿ, ಕನ್ನಡ ಎಂಬ ಭೇದವಿಲ್ಲದೆ ಒಂದು ವಿಷಯದಲ್ಲಿ ಒಂದೇ: ತಂಟೆ ಬೇಡವೆಂದು ಸುಮ್ಮನಿರುತ್ತೇವೆ. ಆ ಮೌನ ಸಾಮಾಯಿಕದ ಮೌನವಲ್ಲ.

ತಮ್ಮಲ್ಲಿ ಒಂದೇ ವಿನಂತಿ. ಬರುವ ದೀಪಾವಳಿಗೆ, ವೀರ ನಿರ್ವಾಣ ಸಂವತ್ಸರದ ಹೊಸ ಖಾತೆ ಪುಸ್ತಕ ತೆರೆಯುವಾಗ, ಮೊದಲ ಪುಟದಲ್ಲಿ ಪರಿಗ್ರಹ ಪರಿಮಾಣದ ಒಂದು ಸಾಲನ್ನು ಬರೆಯಿರಿ. ಇಷ್ಟೇ ವಾಹನ, ಇಷ್ಟೇ ನೀರು, ಇಂಥ ವ್ಯವಹಾರ ಬೇಡ, ಯಾವುದಾದರೂ ಒಂದು. ಅದರಿಂದ ಭೂಮಿ ತಣ್ಣಗಾಗುವುದೋ ಇಲ್ಲವೋ ಎಂಬ ಕರಾರನ್ನು ಕೇಳಬೇಡಿ. ಆ ಸಾಲನ್ನು ಪಾಲಿಸಿರಿ.

ನನ್ನ ತಾಯಿ ಪ್ರತಿದಿನ ಬೆಳಗ್ಗೆ ಬಾವಿಯ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸುತ್ತಿದ್ದಳು. ಆಮೇಲೆ ಆ ಬಟ್ಟೆಯನ್ನು ತಿರುವಿ, ಸೋಸಿದ ನೀರಿನಿಂದಲೇ ಮೆಲ್ಲಗೆ ತೊಳೆದು, ಆ ನೀರನ್ನು ಕೊಡದಲ್ಲಿ ಇಳಿಬಿಟ್ಟು ಅದೇ ಬಾವಿಗೆ ಸೇರಿಸುತ್ತಿದ್ದಳು. ಬಟ್ಟೆಗೆ ಅಂಟಿದ, ಕಣ್ಣಿಗೆ ಕಾಣದ ಜೀವಗಳು ತಮ್ಮ ನೆಲೆಗೆ ಮರಳಲಿ ಎಂದು. ಮೇಲಿನಿಂದ ಸುರಿಯುತ್ತಿರಲಿಲ್ಲ, ಅವಕ್ಕೆ ಪೆಟ್ಟಾದೀತೆಂದು ಕೊಡವನ್ನು ನೀರಿನವರೆಗೆ ಇಳಿಸುತ್ತಿದ್ದಳು. ಅವುಗಳಲ್ಲಿ ಎಷ್ಟು ಬದುಕಿದವು ಎಂದು ಅವಳು ಎಂದೂ ಲೆಕ್ಕ ಕೇಳಲಿಲ್ಲ. ಮರುದಿನ ಬೆಳಗ್ಗೆ ಮತ್ತೆ ಹಗ್ಗ ಹಿಡಿಯುತ್ತಿದ್ದಳು.

ಈ ಬರಹದಿಂದ ಯಾರ ಮನಸ್ಸಿಗಾದರೂ ನೋವಾಗಿದ್ದಲ್ಲಿ ಮನ-ವಚನ-ಕಾಯಗಳಿಂದ ಕ್ಷಮೆ ಬೇಡುತ್ತೇನೆ. ಪೃಥ್ವೀಕಾಯ, ಜಲಕಾಯ ಮೊದಲಾದ ಸಮಸ್ತ ಜೀವರಾಶಿಯಲ್ಲಿಯೂ ನನ್ನ ಕ್ಷಮಾಪಣೆ. ಮಿಚ್ಛಾಮಿ ದುಕ್ಕಡಂ.

ಜೈ ಜಿನೇಂದ್ರ.